ನಾನು ತೋರಿಸಿದ ಫೇಲಾದ ಬೋರುಗಳು

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುವುದು, ಕಾಯಿ ಎದ್ದು ನಿಂತ ಕಡೆ ಬೋರ್‌ವೆಲ್ ಕೊರೆಸಿ ಎಂದು ಪಾಯಿಂಟು ತೋರಿಸುವುದು, ಇದು ನನ್ನ ಕಸುಬಾಗಿತ್ತು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ನೀರು ಬಂದ ಬೋರುಗಳ ಸುದ್ದಿ ಹೇಳಿಕೊಂಡು ಹಳೇಕೋಟೆಯಿಂದ ಬಾಗೂರಿನವರೆಗೂ ಮೆರೆದಿದ್ದೇನೆ. ಬಾರದವುಗಳ ಮಾತು ಯಾರಾದರೂ ಎತ್ತಿದರೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದೆ.

ಈ ವರ್ಷ ಮೊಮ್ಮಗಳು ರಜೆಗೆ ಬಂದಳು. ಭೂಮಿಯೊಳಗಿನ ಶಾಖದಿಂದ ಕರೆಂಟು ತೆಗೆಯಲು ಯಾವ ಜಾಗ ಒಳ್ಳೆಯದು ಎಂದು ಕಂಪ್ಯೂಟರಿಗೆ ಕಲಿಸಿ, ಅದರ ಬಾಯಲ್ಲೇ ಹೇಳಿಸುವುದು ಅವಳ ಪಿಎಚ್‌ಡಿ. ಮುಖ ಸಪ್ಪಗಿತ್ತು.

"ತಾತ, ಮೋಟರ್ ಇಳಿಸಿರೋ ಬೋರಲ್ಲಿ ನನ್ನ ಥರ್ಮಾಮೀಟರ್ ಇಳಿಯಲ್ಲ. ಫೇಲಾಗಿ ಬಿಟ್ಟಿರೋ ಬೋರೇ ಬೇಕು. ಸಿಗ್ದಿದ್ರೆ ಗೈಡು ಸೈನ್ ಹಾಕಲ್ಲ, ಇಷ್ಟು ವರ್ಷದ್ದೆಲ್ಲ ನಿಂತೋಯ್ತದೆ."

ನಾನು ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿ ಹೇಳಿದಳು: "ಊರೂರು ಯಾಕವ್ವ ಅಲೀತೀಯ? ನಿಮ್ಮ ತಾತನ್ನೇ ಕೇಳು. ಫೇಲಾಗಿರೋವೆಲ್ಲ ಇವರವೇ ಕಣವ್ವ."

ಮರುದಿನವೇ ಅವಳ ಸ್ಕೂಟರಿನ ಹಿಂದೆ ಕುಳಿತು ಹೊರಟೆ. ಮರೆತಿದ್ದೇನೆ ಅಂದುಕೊಂಡಿದ್ದೆ, ಒಂದನ್ನೂ ಮರೆತಿರಲಿಲ್ಲ. ಯಾವ ಬದು, ಯಾವುದರ ಮೇಲೆ ಚಪ್ಪಡಿ ಮುಚ್ಚಿದೆ, ಎಲ್ಲಿ ಬರೀ ದೂಳೆದ್ದಿತು, ಎಲ್ಲಾ ಬಾಯಿಗೆ ಬಂತು. ಹಳ್ಳಿಮೈಸೂರಿನ ಹತ್ತಿರ ಹೊಲದ ಯಜಮಾನ ನನ್ನನ್ನು ಕಂಡದ್ದೇ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಏನ್ ಸೋಮಿ, ಇನ್ನೊಂದು ತೋರ್ಸಕ್ಕೆ ಬಂದ್ರಾ?"

"ಇಲ್ಲ ಕಣಪ್ಪ, ಅದನ್ನೇ ನೋಡಕ್ಕೆ ಬಂದೆ. ನೀರಿಲ್ದಿದ್ರೆ ಓಗ್ಲಿ, ಒಳಗೆ ಬಿಸಿ ಐತಂತೆ, ನನ್ನ ಮೊಮ್ಮಗಳು ಅಳೀತಾಳೆ."

"ಅಂಗೇ ನನ್ನ ಒಟ್ಟೆ ಉರಿನೂ ಅಳತೆ ಮಾಡ್ಕೊಂಡೋಗ್ಲಿ ಬಿಡಿ, ಅದೂ ಚೆನ್ನಾಗೇ ಐತೆ," ಎನ್ನುತ್ತಾ ಅವನೇ ಚಪ್ಪಡಿ ಸರಿಸಿದ.

ಥರ್ಮಾಮೀಟರ್ ಕಟ್ಟಿದ ತಂತಿ ಎಲ್ಲೂ ತಡೆಯದೆ ಇಳಿಯುತ್ತಾ ಹೋಯಿತು. ಅವಳು ಬರೆದುಕೊಳ್ಳುತ್ತಾ ನಕ್ಕಳು. ನಾನು ಅಲ್ಲೇ ಬದುವಿನ ಮೇಲೆ ಮಕ್ಕಳ ಹಾಗೆ ಕಾಲಾಡಿಸುತ್ತಾ ಕುಳಿತೆ.

ಹೀಗೆ ಹನ್ನೊಂದು ಬೋರು ಅಳೆದುಕೊಂಡು ಅವಳು ವಾಪಸು ಹೋದಳು. ಮೊನ್ನೆ ಬೆಳಿಗ್ಗೆ ಫೋನು ಬಂತು. "ತಾತ, ಸೈನ್ ಹಾಕಿದ್ರು."

ಹಾಲಿನ ಕ್ಯಾನು ಮನೆಯಲ್ಲೇ ಬಿಟ್ಟು ಡೈರಿಗೆ ಓಡಿದೆ. ನಿಂತಿದ್ದವರಿಗೆಲ್ಲ ಹೇಳಿದೆ: "ನನ್ನ ಮೊಮ್ಮಗಳ ಪುಸ್ತಕದಲ್ಲಿ ನಾನ್ ತೋರ್ಸಿದ ಅನ್ನೊಂದು ಬೋರ್ ಅವೆ ಕಣ್ರಪ್ಪ. ಅನ್ನೊಂದೂ ಫೇಲ್."

ಹಾಲು ಅಳೆಯುವವನು ತಲೆ ಎತ್ತಲಿಲ್ಲ. "ನಮ್ಮ ತ್ವಾಟದ್ದು ಬಿಟ್ಬುಟ್ಟಿದ್ದೀಯಲ್ಲ ತಾತ."

ಸರಿ, ಅದನ್ನೂ ಸೇರಿಸು ಎಂದು ಅಲ್ಲಿಂದಲೇ ಮೊಮ್ಮಗಳಿಗೆ ಫೋನು ಮಾಡಿದೆ.