ಲ್ಯಾಬಿನವರು ಯಾಕೆ ಬರುತ್ತಿದ್ದರು

ಅವರ ಬೆರಳ ತುದಿಗಳು ಯಾವಾಗಲೂ ನೇರಳೆ. ಗಾಜಿನ ಮೇಲಿನ ರಕ್ತಕ್ಕೆ ಬಣ್ಣ ಹಾಕಿ ಹಾಕಿ ಅಂಟಿದ್ದು, ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಮಂಡ್ಯದ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದರು. ಎಲ್ಲರಿಗೂ ಲ್ಯಾಬಿನವರು, ಅಷ್ಟೇ. ಮಾತಾಡುವಾಗಲೂ ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದರು. ನೋಡುವವರಿಗೇ ತಲೆ ಸುತ್ತಬೇಕು.

ಅಮ್ಮನ ಎದೆಯಲ್ಲಿ ಗಂಟು ಕಾಣಿಸಿದಾಗ ನನಗೆ ಹದಿನೆಂಟು. ಗಂಟು ತೆಗೆದರು. ಅದು ಕ್ಯಾನ್ಸರೋ ಅಲ್ಲವೋ ಬೆಂಗಳೂರಿನ ದೊಡ್ಡ ಲ್ಯಾಬೇ ಹೇಳಬೇಕು. ಗಂಟು ಕೊಳೆಯದಂತೆ ಘಾಟು ಔಷಧದಲ್ಲಿ ಮುಳುಗಿಸಿಟ್ಟ ಬಾಟಲಿಯನ್ನು ಸೋದರಮಾವನ ಕೈಗೆ ಕೊಟ್ಟು, "ಮುಚ್ಚಳ ಮುಟ್ಟಬೇಡ" ಅಂದರು ಲ್ಯಾಬಿನವರು. ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡು ರೇಗಿದರಂತೆ. ಮದ್ದೂರಿನಲ್ಲಿ ಮಾವ ಇಳಿದು, ಔಷಧ ಚೆಲ್ಲಿ, ನಲ್ಲಿ ನೀರು ತುಂಬಿಕೊಂಡ. ಬೆಂಗಳೂರು ತಲುಪಿದ್ದು ಶನಿವಾರ ಸಂಜೆ. ಸೋಮವಾರ ಲ್ಯಾಬು ತೆರೆಯುವಷ್ಟರಲ್ಲಿ ಗಂಟು ಕೊಳೆತಿತ್ತು.

"ಅಕ್ಕನ ಮೈಯಿನ ಚೂರು ಆ ಗಬ್ಬುನೀರಲ್ಲಿ ಯಾಕಿರ್ಬೇಕು ಅಂತ ಒಳ್ಳೆ ನೀರು ಆಕ್ದೆ ಸ್ವಾಮಿ" ಎಂದು ಮಂಡ್ಯಕ್ಕೆ ವಾಪಸು ಬಂದು ಮಾವ ಅತ್ತ.

"ಲೇ, ನಿನ್ನ ಪ್ರೀತಿಗಿಷ್ಟು ಬೆಂಕಿ ಬೀಳ!" ಅಂದರು ಲ್ಯಾಬಿನವರು. ಆದರೆ ಯಾರನ್ನೂ ನಂಬದ ಆ ಮನುಷ್ಯ ಗಂಟಿನ ಒಂದು ತುಂಡನ್ನು ಮೊದಲೇ ಬೇರೆ ಎತ್ತಿಟ್ಟಿದ್ದರು. ಅದನ್ನು ಹಿಡಿದು ಆವತ್ತೇ ತಾವೇ ಬಸ್ಸು ಹತ್ತಿದರು.

ಕ್ಯಾನ್ಸರೇ. ಅಮ್ಮನಿಗೆ ದೊಡ್ಡ ಆಪರೇಷನ್ ಆಯಿತು. ಉಳೀತಾಳಾ, ಉಳೀತಾಳಾ ಎಂದು ನಾನು ಅವರ ಹಿಂದೆ ಬಿದ್ದೆ.

"ನೋಡೋಕೆ ಒಂದೇ ಥರ ಗಂಟು ಕಣಮ್ಮ. ಒಬ್ಬಳನ್ನ ಬುಡುತ್ತೆ, ಒಬ್ಬಳನ್ನ ಎತ್ಕೊಂಡೋಗುತ್ತೆ. ಯಾವುದು ಏನು ಮಾಡುತ್ತೆ ಅನ್ನೋ ಗುರುತು ಆ ಮಾಂಸದಲ್ಲೇ, ಅದರ ಪ್ರೋಟೀನಲ್ಲೇ ಇರ್ಬೇಕು. ಹೊರದೇಶದಲ್ಲಿ ಹುಡುಕ್ತಾವ್ರಂತೆ. ನಮ್ಮ ಕಣ್ಣಿಗೆ ಇನ್ನೂ ಕಾಣಲ್ಲ. ಕಾದು ನೋಡ್ಬೇಕು."

ಕಾಯುವುದೆಂದರೆ ಅವರಿಗೆ ಸುಮ್ಮನಿರುವುದಲ್ಲ. ಭಾನುವಾರ ಬಂತೆಂದರೆ ಸೈಕಲ್ಲೋ ಬಸ್ಸೋ ಹಿಡಿದು ಬಸರಾಳು, ಪೂರಿಗಾಲಿ ಅಂತ ಆ ಕಾಯಿಲೆಯ ಹೆಂಗಸರ ಮನೆಗಳಿಗೆ ಹೋಗುತ್ತಿದ್ದರು. ಹೊಳಲಿನ ನಮ್ಮ ಮನೆಗೂ ಬರುತ್ತಿದ್ದರು. ಬಾಗಿಲಲ್ಲೇ ನಿಂತು ಕುಡಿಯಲು ನೀರು ಕೇಳುವುದು, ತಂದುಕೊಡುವವಳು ಅಮ್ಮನೇ ಎಂದು ನೋಡಿಕೊಳ್ಳುವುದು, ಹೊರಟುಬಿಡುವುದು. ಅಮ್ಮನಿಗೆ ಮೈಯೆಲ್ಲ ಉರಿ. "ಬಂದ ನೋಡು ಯಮನ ಕಡೆಯೋನು, ಇದ್ದಾಳಾ ಸತ್ಲಾ ಅಂತ ನೋಡಾಕೆ" ಎಂದು ಅವರಿಗೆ ಕೇಳುವಂತೆಯೇ ಬೈಯುತ್ತಿದ್ದಳು. ಆ ದಿನ ನನಗೂ ಅನ್ನ ಇಳಿಯುತ್ತಿರಲಿಲ್ಲ. ಇವರಿಗೇನೋ ಗೊತ್ತಿದೆ, ಬಾಯಿ ಬಿಡುತ್ತಿಲ್ಲ ಎಂದುಕೊಳ್ಳುತ್ತಿದ್ದೆ.

ಹಾಗೇ ಐದು ವರ್ಷ ದಾಟಿತು. ಅಮ್ಮನಿಗೆ ಏನೂ ಆಗಲಿಲ್ಲ. ಆಮೇಲೂ ಬಹುಕಾಲ ಬದುಕಿದಳು. ಹೋದವರು ಲ್ಯಾಬಿನವರೇ. ಎರಡು ತಿಂಗಳಾದರೂ ಬರಲಿಲ್ಲವಲ್ಲ ಎಂದು ವಿಚಾರಿಸಿದಾಗ, ಎದೆನೋವು ಬಂದು ತೀರಿಕೊಂಡರು ಅಂದರು ಆಸ್ಪತ್ರೆಯಲ್ಲಿ.

ಬಂದು ಹೇಳಿದೆ. ರಾಗಿ ಕೇರುತ್ತಿದ್ದ ಅಮ್ಮ ಮೊರ ಕೆಳಗಿಟ್ಟಳು.

"ನನ್ನ ಸಾವು ಕಾಯ್ತವ್ನೆ ಅಂದ್ಕಂಡಿದ್ದೆ ಕಣವ್ವ. ಅವ್ರು ನಾನು ಬದುಕಿರಾದ್ನ ನೋಡಾಕೆ ಬತ್ತಿದ್ರು. ಇನ್ಯಾರು ಬಂದಾರು ಹಂಗೆ?"