ಹಿಮ್ಮಡಿಗೂ ಒಂದು ಋತುಮಾನ

ಒಡೆದ ಹಿಮ್ಮಡಿ ಸೀರೆಯ ನೆರಿಗೆಗೆ ಸಿಕ್ಕಿಕೊಂಡು ಚರ್ರೆಂದು ಒಂದು ಎಳೆ ಕಿತ್ತು ಬರುವ ಸದ್ದನ್ನು ನೀವು ಕೇಳಿದ್ದೀರಾ? ಕೇಳಿಲ್ಲವಾದರೆ ನೀವು ಗಂಡಸರಿರಬೇಕು, ಇಲ್ಲವೇ ಬಲು ಪುಣ್ಯವಂತರಿರಬೇಕು. ಹೊಸಬಾಳೆಯ ನಮ್ಮ ಮನೆಯಲ್ಲಿ ಚಳಿ ಬಿದ್ದಿತೆಂಬುದನ್ನು ನಾನು ಪಂಚಾಂಗ ನೋಡಿ ತಿಳಿಯಬೇಕಾಗಿರಲಿಲ್ಲ. ಅತ್ತೆಯವರು ಒಲೆಯ ಮುಂದೆ ಕಾಲು ಮಡಿಸಿ ಕೂರುವಾಗ ಆ ಸದ್ದು ಬಂದರೆ ಸಾಕು, ಹೊದಿಕೆಗಳನ್ನು ಬಿಸಿಲಿಗೆ ಹಾಕುತ್ತಿದ್ದೆ.

ಐವತ್ತರ ದಶಕದ ಕೊನೆಯ ಮಾತು ಇದು. ಶಿಕಾರಿಪುರದ ಒಣಹವೆಯಲ್ಲಿ ಬೆಳೆದ ನಾನು ಸೊರಬ ಸೀಮೆಯ ಈ ಒದ್ದೆ ನೆಲಕ್ಕೆ ಸೊಸೆಯಾಗಿ ಬಂದ ಹೊಸತು. ಮಾತು ಕಲಿತೆ, ಅಡುಗೆ ಕಲಿತೆ, ಆದರೆ ಇಲ್ಲಿಯ ಹೆಂಗಸರು ತಮ್ಮ ಪಾದಗಳನ್ನು ಕಂಡರೂ ಕಾಣದಂತೆ ಬದುಕುವ ವಿದ್ಯೆ ಮಾತ್ರ ನನಗೆ ಹತ್ತಲಿಲ್ಲ. ಅದಕ್ಕೆ ಕಾರಣ ನನ್ನ ಅವ್ವ. ಪಾದಕ್ಕೂ ಋತುಮಾನವುಂಟೆಂದು ನಂಬಿದವಳು ಅವಳು. ಆಷಾಢದ ನಾಟಿಯಲ್ಲಿ ಬೆರಳಸಂದಿ ಬೆಳ್ಳಗೆ ಬಾತು ಕೆಸರುಹುಣ್ಣಾಗುತ್ತದೆ, ಕುಯ್ಲಿನಲ್ಲಿ ಕೊಯ್ದುಳಿದ ಪೈರಿನ ಕೂಳೆ ಚುಚ್ಚುತ್ತದೆ, ಚಳಿಗೆ ಹಿಮ್ಮಡಿ ಬಿರಿಯುತ್ತದೆ, ಬೇಸಿಗೆಗೆ ನೆಲವೇ ಕಾದ ಹೆಂಚಾಗುತ್ತದೆ. ಬರುವುದು ಗೊತ್ತಿದ್ದೂ ಬಂದಮೇಲೆ ನರಳುವುದೇಕೆ ಎಂಬುದು ಅವಳ ವಾದ. ಗದ್ದೆಗೆ ಇಳಿಯುವ ಮೊದಲೇ ಬೆರಳಸಂದಿಗೆ ಹರಳೆಣ್ಣೆ ಸವರಿಸುತ್ತಿದ್ದಳು, ಬಂದಮೇಲೆ ಬಿಸಿನೀರಲ್ಲಿ ತೊಳೆಸಿ ಸಂದಿಸಂದಿಯನ್ನೂ ಒರೆಸಲು ಹೇಳುತ್ತಿದ್ದಳು, ಚಳಿ ಕಾಲಿಡುವ ಮುಂಚೆಯೇ ಎಣ್ಣೆಯಲ್ಲಿ ಕರಗಿಸಿದ ಜೇನುಮೇಣವನ್ನು ಹಿಮ್ಮಡಿಗೆ ಹಚ್ಚಿಸುತ್ತಿದ್ದಳು. ಚಪ್ಪಲಿ ಕೊಳ್ಳುವುದಿದ್ದರೆ ಸಂಜೆ ಹೋಗಬೇಕು, ದಿನವಿಡೀ ನಿಂತು ದುಡಿದ ಕಾಲು ಆಗಲೇ ತನ್ನ ನಿಜವಾದ ಅಳತೆ ಹೇಳುವುದು ಎನ್ನುತ್ತಿದ್ದಳು. ಮುಖಕ್ಕಿಂತ ಪಾದವನ್ನು ಹೆಚ್ಚು ನೋಡುವ ಹೆಂಗಸೆಂದು ನಮ್ಮ ಅಪ್ಪ ಅವಳನ್ನು ಚುಡಾಯಿಸುತ್ತಿದ್ದುದುಂಟು.

ಹೊಸಬಾಳೆಯಲ್ಲಿ ಹೆಂಗಸರಿಗೆ ಚಪ್ಪಲಿ ಇರಲಿಲ್ಲವೆಂದಲ್ಲ. ಇತ್ತು, ಊರಾಚೆಯ ಬೇಲಿಯಲ್ಲಿ! ಅತ್ತೆಯ ಮುಂದೆ ಸೊಸೆ, ಹಿರಿಯರ ಮುಂದೆ ಯಾವ ಹೆಂಗಸೂ ಚಪ್ಪಲಿ ಮೆಟ್ಟಿ ನಡೆಯಬಾರದಾಗಿದ್ದರಿಂದ, ಗದ್ದೆಯಿಂದ ಬರುವಾಗ ಊರ ಬಾಯಲ್ಲೇ ಅವನ್ನು ಕಳಚಿ, ಲಂಟಾನದ ಮೆಳೆಯಲ್ಲಿ ತೂರಿಸಿ, ರಸ್ತೆಗೆಂದು ಸುರಿದ ಜಲ್ಲಿಯ ಮೇಲೆ ಬರಿಗಾಲಲ್ಲಿ ಮನೆ ಸೇರುತ್ತಿದ್ದರು. ಮೆತ್ತನೆಯ ಕಾಲುದಾರಿಗೆ ಚಪ್ಪಲಿ, ಚುಚ್ಚುವ ಬೀದಿಗೆ ಬರಿಗಾಲು. ಮಳೆಗಾಲವಿಡೀ ಬೇಲಿಯಲ್ಲಿ ನೆನೆದು ಉಬ್ಬಿದ ಆ ತೊಗಲು ಚಳಿಗಾಲದಲ್ಲಿ ಹಲಗೆಯಂತೆ ಸೆಟೆದುಕೊಂಡು, ಆಗಲೇ ಬಿರಿದ ಹಿಮ್ಮಡಿಯನ್ನು ಇನ್ನಷ್ಟು ಕೊರೆಯುತ್ತಿತ್ತು. ಮರ್ಯಾದೆಗೂ ನೋವಿಗೂ ಆ ಬೇಲಿಯಲ್ಲಿ ಅದೆಂಥ ನಂಟು ಬೆಳೆದಿತ್ತೋ, ಯಾರೂ ಅದನ್ನು ಪ್ರಶ್ನಿಸಿದ್ದಿಲ್ಲ.

ಒಂದು ಚಳಿಗಾಲ ಅತ್ತೆಯವರ ಎಡಹಿಮ್ಮಡಿಯ ಸೀಳು ಕೀವುಗಟ್ಟಿತು. ಕಾಲೂರಲು ಆಗದೆ ಕುಂಟತೊಡಗಿದರು. ಗಾಡಿ ಕಟ್ಟಿಸಿ ಆನವಟ್ಟಿಗೆ ಕರೆದುಕೊಂಡು ಹೋದೆವು. ಡಾಕ್ಟರು ಗಾಯ ತೊಳೆದು ಕಟ್ಟಿ, ಗುಣವಾಗುವವರೆಗೆ ಕೊಟ್ಟಿಗೆಗೆ ಹೋಗುವಾಗಲೂ ಬರಿಗಾಲಿಡಕೂಡದು, ಸಗಣಿ ಗಂಜಲ ತಾಗಿ ನಂಜೇರಿದರೆ ಕಾಲನ್ನೇ ತೆಗೆಯಬೇಕಾದೀತು ಎಂದು ಎಚ್ಚರಿಸಿದರು. ಮನೆ ಹತ್ತಿರವಾದಾಗ ಅತ್ತೆಯವರು ನನ್ನ ಕೈ ಹಿಡಿದು, "ಅತ್ತೆ ಜಗಲಿ ಮ್ಯಾಲೆ ಕೂತಿರ್ತಾರೆ. ಅವ್ರ ಎದ್ರಿಗೆ ಮೆಟ್ಟು ಹಾಕ್ಕಂಡು ಹೆಂಗೆ ಓಡಾಡ್ಲಿ, ನೀನೇ ಹೇಳು" ಎಂದರು. ಕಾಲು ಹೋಗುವ ಭಯಕ್ಕಿಂತ ಅದು ದೊಡ್ಡದಾಗಿತ್ತು. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ಅವರ ಅತ್ತೆಯೆಂದರೆ ನಮ್ಮ ಮನೆಯ ಹಿರಿಯಜ್ಜಿ. ಕಣ್ಣು ಮಂಜಾಗಿದ್ದರೂ ಕಿವಿ ಮಾತ್ರ ಚುರುಕು. ಜಗಲಿಯಲ್ಲಿ ಕೂತು ಇಡೀ ಮನೆಯನ್ನು ಕಿವಿಯಿಂದಲೇ ಆಳುತ್ತಿದ್ದರು. ನಾನು ಅವ್ವನಿಗೆ ಹೇಳಿಕಳಿಸಿದೆ. ಕೆಲವೇ ದಿನಗಳಲ್ಲಿ ಶಿಕಾರಿಪುರದಿಂದ ಒಂದು ಜೊತೆ ಚಪ್ಪಲಿ ಬಂತು. ಕಾಲು ಊದಿದರೂ ಬಿಗಿಯಾಗದಂತೆ ತುಸು ದೊಡ್ಡದು, ಒಳಗೆಲ್ಲ ಹಳೆಯ ಕಂಬಳಿಯ ತುಂಡನ್ನು ಅವ್ವ ತಾನೇ ಮಡಿಸಿ ಹೊಲಿದಿದ್ದಳು. ಅಡಿಗೂ ಕಂಬಳಿ! ಸಾರಿಸಿದ ಅಂಗಳದಲ್ಲಿ ಇದರ ಸದ್ದೇ ಬರುವುದಿಲ್ಲ, ಅಜ್ಜಿಗೆ ಎಲ್ಲಿ ತಿಳಿಯುತ್ತದೆ ಎಂದು ಪುಸಲಾಯಿಸಿ ಅತ್ತೆಯವರ ಕಾಲಿಗೆ ತೊಡಿಸಿದೆ. ಅವರು ಕಳ್ಳರಂತೆ ಅಂಗಳಕ್ಕಿಳಿದು ಕೊಟ್ಟಿಗೆಯತ್ತ ಹೊರಟರು.

ಅರ್ಧ ಅಂಗಳ ದಾಟಿರಲಿಲ್ಲ, ಜಗಲಿಯಿಂದ ಅಜ್ಜಿಯ ದನಿ ಬಂತು.

"ಯಾಕೆ, ಇವತ್ತು ಕುಂಟ್ತಾ ಇಲ್ಲ?"

ನಾವು ಚಪ್ಪಲಿಯ ಸದ್ದನ್ನು ಬಚ್ಚಿಟ್ಟಿದ್ದೆವು, ಆದರೆ ಕುಂಟುವಾಗ ತಪ್ಪಿ ತಪ್ಪಿ ಬರುತ್ತಿದ್ದ ಬಳೆಗಳ ಸದ್ದು ಈಗ ಸಮನಾಗಿದ್ದುದು ಅಜ್ಜಿಗೆ ಕೇಳಿತ್ತು. ನೋವು ತಗ್ಗಿದ್ದನ್ನು ಬಚ್ಚಿಡುವುದು ನಮಗೆ ಹೊಳೆದಿರಲಿಲ್ಲ. ಅತ್ತೆಯವರು ನಿಂತಲ್ಲೇ ಚಪ್ಪಲಿ ಕಳಚಿ, ಇದ್ದದ್ದನ್ನು ಹೇಳಿಬಿಟ್ಟರು. ಅಜ್ಜಿ ಅದನ್ನು ತರಲು ಹೇಳಿದರು. ಬೀದಿಗೆ ಎಸೆಯುತ್ತಾರೆಂದೇ ನಾನು ತಿಳಿದೆ, ಏನು ಜವಾಬು ಕೊಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೂ ನಿಂತೆ. ಅಜ್ಜಿ ಚಪ್ಪಲಿಯೊಳಗೆ ಕೈಯಿಟ್ಟು ಕಂಬಳಿಯನ್ನು ಒತ್ತಿ ಒತ್ತಿ ನೋಡಿದರು. ಆಮೇಲೆ ಸೀರೆಯನ್ನು ಸ್ವಲ್ಪ ಸರಿಸಿ, ತಮ್ಮ ಕಾಲನ್ನು ಮುಂದೆ ಚಾಚಿದರು.

ಅಷ್ಟು ದಿನ ಆ ಮನೆಯಲ್ಲಿದ್ದೂ ನಾನು ಆ ಪಾದಗಳನ್ನು ಸರಿಯಾಗಿ ನೋಡಿರಲಿಲ್ಲ. ಹಬ್ಬಗಳಲ್ಲಿ ಮುಟ್ಟಿ ನಮಸ್ಕರಿಸಿದ್ದೆ, ಅಷ್ಟೇ. ಹಿಮ್ಮಡಿಯ ತುಂಬ ಹಳೆಯ ಸೀಳುಗಳು, ಕೆಲವು ಮುಚ್ಚಿ ಗಂಟಾಗಿದ್ದವು, ಕೆಲವು ಇನ್ನೂ ಕೆಂಪಗಿದ್ದವು. ಅತ್ತೆಯವರು ಮೊಣಕಾಲೂರಿ ಕೂತು ಚಪ್ಪಲಿ ತೊಡಿಸಿದರು. ಅಜ್ಜಿ ಕಂಬ ಹಿಡಿದು ಎದ್ದು ನಿಂತರು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಹೆಜ್ಜೆ ಇಟ್ಟರು.

"ನಮ್ಮತ್ತೆಗೂ ಈ ಸುಖ ಗೊತ್ತಿರ್ಲಿಲ್ಲ, ಪಾಪ" ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಎಂದೋ ತೀರಿಹೋದ ತಮ್ಮ ಅತ್ತೆಯ ಕಾಲುಗಳನ್ನು ಅವರು ಆ ಗಳಿಗೆಯಲ್ಲಿ ಕಂಡಿರಬೇಕು. ನಾನು ಜೋಡಿಸಿಟ್ಟುಕೊಂಡಿದ್ದ ಜವಾಬು ಯಾವುದಕ್ಕೂ ಬೇಕಾಗಲಿಲ್ಲ. ಗೆಳೆಯರೇ, ಒಂದು ಕಟ್ಟುಪಾಡು ಮುರಿಯಲು ಜಗಳವೇ ಬೇಕೆಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅದನ್ನು ಕಾಯುತ್ತ ಕೂತವರಿಗೂ ಅದರಿಂದ ನೋವಾಗಿರುತ್ತದೆ, ಯಾರೂ ಕೇಳಿರುವುದಿಲ್ಲ.

ಅಜ್ಜಿ ಕೂತು, ಚಪ್ಪಲಿಯನ್ನು ತಾವೇ ಕಳಚಿ, ಸೊಸೆಯ ಮುಂದೆ ಇಟ್ಟರು. ಅತ್ತೆಯವರು ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳಹೋದರು.

"ಕಾಲಿಗೆ ಹಾಕ್ಯ" ಎಂದರು ಅಜ್ಜಿ. "ಹಾಕ್ಕಂಡು ಬೀದೀಲಿ ಒಂದ್ಸಲ ಆ ತುದೀತನಕ ಹೋಗಿ ಬಾ. ನಾನಿನ್ನೂ ಬದುಕಿದೀನಿ. ಯಾರೇನಂತಾರೆ, ಇಲ್ಲೇ ಕೂತು ಕೇಳ್ತೀನಿ."

ಅತ್ತೆಯವರು ಸೆರಗು ಸರಿಮಾಡಿಕೊಂಡು ಬೀದಿಗಿಳಿದರು. ಅಜ್ಜಿ ಕಂಬಕ್ಕೊರಗಿ, ತಲೆಯನ್ನು ತುಸು ಓರೆ ಮಾಡಿ, ಜಲ್ಲಿಯ ಮೇಲೆ ಆ ಹೆಜ್ಜೆಗಳು ದೂರವಾಗುವುದನ್ನು ಕೇಳುತ್ತ ಕೂತರು.