ತೋರಿಸದ ಕೈ

ಗೆಳತಿಗೆ ಕೊಡಲೆಂದು ಅಟ್ಟದಿಂದ ನನ್ನ ಹಳೆಯ ಹೆಲ್ಮೆಟ್ ಇಳಿಸಿದ ಮಗಳು ಅದರೊಳಗೆ ಮೂಗಿಟ್ಟು, "ಶೀ ಪಪ್ಪಾ, ಕಿತೀ ವಾಸ್ ಯೇತೋ!" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಬೆವರಿನ ವಾಸನೆ ಬಿಟ್ಟರೆ ಹೆಲ್ಮೆಟ್ಟಿಗೆ ಏನೂ ಆಗಿಲ್ಲ, ಒಂದು ಗೀರೂ ಇಲ್ಲ. ಅಂದಿನ ರೇಸಿನಲ್ಲಿ ಬಿದ್ದವನು ನಾನಲ್ಲ, ಗೆಳೆಯ ಸುಧಾಕರ.

ಬರುವ ಭಾನುವಾರ ಅವಳಿಗೆ ಪಕ್ಕದೂರು ಕಲ್ಯಾಣದಲ್ಲಿ ಸೈಕಲ್ ರೇಸ್. ಇದುವರೆಗೆ ಓಡಿಸಿದ್ದೆಲ್ಲ ಸೀವುಡ್ಸ್ ಕಡೆ. ಡೊಂಬಿವಲಿಯ ನಮ್ಮ ಮನೆಯಿಂದ ಎರಡೂ ಅಂಥ ದೂರವೇನಲ್ಲ, ಆದರೆ ರೇಸಿನ ರೀತಿಯೇ ಬೇರೆ. ಸೀವುಡ್ಸ್‌ನಲ್ಲಿ ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಹೆಲ್ಮೆಟ್ ಇಲ್ಲದಿದ್ದರೆ ಎದೆಗೆ ನಂಬರೇ ಕೊಡುವುದಿಲ್ಲ. ಅಗಲ ರಸ್ತೆ, ನೀವು, ಗಡಿಯಾರ. ಕಲ್ಯಾಣದಲ್ಲಿ ಸೀಟಿ ಊದಿದರೆ ಎಲ್ಲರೂ ಒಟ್ಟಿಗೆ ಹೊರಡಬೇಕು, ಮೊಣಕೈಗೆ ಮೊಣಕೈ ತಾಗಿಸಿಕೊಂಡು. ಮುಂದಿನವನ ಬೆನ್ನು ಬಿಟ್ಟರೆ ಏನೂ ಕಾಣದು. ಆದ್ದರಿಂದ ಅಲ್ಲೊಂದು ರೂಢಿ: ಗುಂಡಿ ಕಂಡವನು ಎಡಗೈ ಇಳಿಸಿ ತೋರಿಸಿ "ಖಡ್ಡಾ!" ಎಂದು ಕೂಗಬೇಕು, ಹಿಂದಿನವನು ಅದನ್ನು ತನ್ನ ಹಿಂದಿನವನಿಗೆ ದಾಟಿಸಬೇಕು. ನಮ್ಮ ಕಾಲದಲ್ಲಿ ಅಲ್ಲಿ ಹೆಲ್ಮೆಟ್ ಕೇಳುತ್ತಿರಲಿಲ್ಲ, ಈ ಕೈಯನ್ನು ಕೇಳುತ್ತಿದ್ದರು. ಈಗಿನ ಫಾರ್ಮಿನಲ್ಲಿ ಹೆಲ್ಮೆಟ್ ಕಡ್ಡಾಯ ಎಂದಿದೆ, ಕೈಯ ಸುದ್ದಿಯಿಲ್ಲ.

ಉಡುಪಿಯ ನನ್ನ ಶಾಲೆಯಲ್ಲಿ ಇದ್ದದ್ದು ನಿಧಾನ ಸೈಕಲ್ ಸ್ಪರ್ಧೆ. ಕಾಲು ನೆಲಕ್ಕೆ ತಾಗಿಸದೆ ಕೊನೆಗೆ ಬಂದವನು ಗೆದ್ದ. ನಾನು ಜೀವನದಲ್ಲಿ ಗೆದ್ದದ್ದು ಅದೊಂದನ್ನೇ.

ಸುಧಾಕರ ನೌಪಾಡಾದಲ್ಲಿ ಹೋಟೆಲ್ ಇಟ್ಟವನು. ಕಲ್ಯಾಣದ ರೇಸಿಗೆ ನನ್ನನ್ನು ಎಳೆದುಕೊಂಡು ಹೋದವನೂ ಅವನೇ. ನಾನಾಗ ಸೀವುಡ್ಸ್‌ನಲ್ಲಿ ಒಂಟಿಯಾಗಿ ಓಡಿಸಿ ಪಳಗಿದ್ದೆ. ಅವನು ನನ್ನ ಚಕ್ರಕ್ಕೆ ಅಂಟಿಕೊಂಡಂತೆ ಹಿಂದೆ ಬರುತ್ತಿದ್ದ. ಗುಂಡಿ ಬಂತು, ನಾನು ತಪ್ಪಿಸಿಕೊಂಡೆ, ಅವನು ಬಿದ್ದ. ಭುಜದ ಎಲುಬು ಮುರಿಯಿತು. ಎಡಭುಜ ಇಂದಿಗೂ ಸ್ವಲ್ಪ ಇಳಿದೇ ಇದೆ.

ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಒಂದು ಸಲ ಮಳೆ ಬಂದಿತ್ತು, ಇನ್ನೊಂದು ಸಲ ರಿಕ್ಷಾ ಅಡ್ಡ ಬಂದಿತ್ತು. ಎಲ್ಲ ಸಲವೂ ನಾನು ಕೈ ತೋರಿಸಿದ್ದೆ. ಹೇಳಿ ಹೇಳಿ ಆ ಕೈ ಎಷ್ಟು ಸ್ಪಷ್ಟವಾಗಿದೆಯೆಂದರೆ ಕಟ್ಟಿದ ವಾಚು ಕೂಡ ಕಾಣುತ್ತದೆ. ಆದರೆ ಕಾಣುವುದು ಹಿಂದಿನಿಂದ, ಸುಧಾಕರ ಇದ್ದ ಜಾಗದಿಂದ. ನೀವೇ ಹೇಳಿ, ನನ್ನ ಕೈಯನ್ನು ನಾನು ಹಿಂದಿನಿಂದ ಹೇಗೆ ನೋಡಿರಲು ಸಾಧ್ಯ?

ಮಗಳನ್ನೂ ಇದೇ ಕತೆ ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಸುಧಾಕರನಿಗೆ ಫೋನ್ ಮಾಡಿದೆ.

"ಅವತ್ತು ನಾನು ಕೈ ತೋರಿಸ್ಲಿಲ್ಲ ಮಾರಾಯ."

"ಗೊತ್ತುಂಟು. ಹಿಂದೆ ಇದ್ದದ್ದು ನಾನಲ್ವಾ?"

"ಮತ್ತೆ ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?"

"ನೀನು ರಿಕ್ಷಾದ ಕತೆ ಹೇಳುವಾಗ ನಮ್ಮ ವೇಟರ್‌ಗಳೂ ಕೆಲಸ ಬಿಟ್ಟು ಕೇಳ್ತಿದ್ರು. ನಾನ್ಯಾಕೆ ಕೆಡಿಸುದು?" ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ, "ಮಗಳಿಗೆ ಕೈ ಕಲಿಸಿದ್ಯಾ? ಇಲ್ಲದಿದ್ರೆ ಕಳಿಸ್ಬೇಡ. ಬೀಳುದು ಅವಳಲ್ಲ, ಹಿಂದಿನವರು."

ಸಂಜೆ ವಾಚ್‌ಮನ್ನನ ಸೈಕಲ್ ಕೇಳಿ ಪಡೆದು ಮಗಳನ್ನು ನಮ್ಮ ಹೌಸಿಂಗ್ ಸೊಸೈಟಿಯ ಅಂಗಳಕ್ಕೆ ಇಳಿಸಿದೆ. ನಡೆದದ್ದನ್ನು ಹೇಳಿದೆ.

"ಮ್ಹಣಜೇ ಅಂಕಲ್ ತುಝ್ಯಾಮುಳೇ ಪಡಲೇ?"

"ಹೌದು, ನನ್ನಿಂದಲೇ ಬಿದ್ದದ್ದು."

ಅವಳು ತನ್ನ ಸೈಕಲ್ ಹತ್ತಿದಳು. ನಾನು ಮುಂದೆ, ಅವಳು ಹಿಂದೆ. ನೀರಿನ ಟ್ಯಾಂಕಿನ ಪಕ್ಕ ಗುಂಡಿ ಬಂದಾಗ ಎಡಗೈ ಇಳಿಸಿದೆ, ಸೈಕಲ್ ಓಲಾಡಿತು. "ಖಡ್ಡಾ!" ಎಂದು ಕೂಗಿದೆ. ಹಿಂದಿನಿಂದ ಅವಳೂ ಕೂಗಿದಳು, ತನ್ನ ಹಿಂದೆ ಯಾರೂ ಇಲ್ಲದಿದ್ದರೂ.